ಐದು ನಿಮಿಷನೂ ಕಾಯದ ಮಗ: ತಾಳ್ಮೆ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಮೇಡಂ. ಮಕ್ಕಳ ಮುಂದೆ ಒಂದು ಸಿಹಿ ಇಟ್ಟು, ‘ನಾನು ಬರೋವರೆಗೂ ತಿನ್ನದಿದ್ರೆ ಎರಡು ಕೊಡ್ತೀನಿ’ ಅನ್ನುವ ವಿಡಿಯೋ ನೋಡಿ ನಾಲ್ಕೂವರೆ ವರ್ಷದ ಮಗನಿಗೂ ಹಾಗೇ ಮಾಡಿದೆ. ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ಲಾಡು ಖಾಲಿ. ಕಾಯುವ ಮಕ್ಕಳೇ ಮುಂದೆ ಚೆನ್ನಾಗಿ ಓದುತ್ತಾರೆ ಅಂತ ಅದರಲ್ಲಿ ಹೇಳಿದ್ದರು. ಅವತ್ತಿಂದ ಅದೇ ಯೋಚನೆ.

ಉತ್ತರ (ಮಕ್ಕಳ ಮನಶ್ಶಾಸ್ತ್ರಜ್ಞೆ): ಆ ಯೋಚನೆ ಬಿಟ್ಟುಬಿಡಿ. ನಾಲ್ಕೂವರೆ ವರ್ಷದ ಮಗು ಲಾಡು ತಿಂದಿದೆ, ಅಷ್ಟೇ.

ನೀವು ವಿಡಿಯೋದಲ್ಲಿ ನೋಡಿದ್ದು ಮನಶ್ಶಾಸ್ತ್ರಜ್ಞ ವಾಲ್ಟರ್ ಮಿಶೆಲ್ ಅವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಿಂಗ್ ನರ್ಸರಿ ಶಾಲೆಯಲ್ಲಿ 1960ರ ದಶಕದ ಕೊನೆಯ ಹೊತ್ತಿಗೆ ಶುರು ಮಾಡಿದ ಪ್ರಯೋಗ. ಕಾದ ಮಕ್ಕಳಿಗೆ ಮುಂದೆ ಪರೀಕ್ಷೆಯಲ್ಲಿ ಜಾಸ್ತಿ ಅಂಕ ಬಂತು ಅಂತ 1990ರಲ್ಲಿ ವರದಿಯಾಯಿತು. ಆದರೆ ಆ ಶಾಲೆಯಲ್ಲಿದ್ದವರು ಹೆಚ್ಚಾಗಿ ವಿಶ್ವವಿದ್ಯಾಲಯದವರ ಮಕ್ಕಳು. 2018ರಲ್ಲಿ ಬೇರೆ ಬೇರೆ ಮನೆತನದ 900ಕ್ಕೂ ಹೆಚ್ಚು ಮಕ್ಕಳನ್ನು ಇಟ್ಟುಕೊಂಡು ನೋಡಿದಾಗ ಆ ನಂಟು ಅರ್ಧಕ್ಕೆ ಇಳಿಯಿತು. ಮನೆಯ ವಾತಾವರಣ, ಅಪ್ಪ ಅಮ್ಮನ ಸ್ಥಿತಿಗತಿ, ಮಗುವಿನ ಆಗಿನ ಗ್ರಹಿಕೆ ಇವನ್ನೂ ಲೆಕ್ಕಕ್ಕೆ ಹಿಡಿದಾಗ ಉಳಿದದ್ದರಲ್ಲೂ ಮೂರನೇ ಎರಡು ಭಾಗ ಹೋಯಿತು.

ನನಗೆ ಇದಕ್ಕಿಂತ ಮುಖ್ಯ ಅನಿಸುವುದು 2013ರಲ್ಲಿ ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದವರು ಪ್ರಕಟಿಸಿದ ಪ್ರಯೋಗ. ಮಕ್ಕಳಿಗೆ ಹಳೇ ಕ್ರೆಯಾನ್ ಕೊಟ್ಟು, ‘ಸ್ವಲ್ಪ ಕಾದರೆ ಒಳ್ಳೇದು ತರ್ತೀನಿ’ ಅಂದರು. ಕೆಲವರಿಗೆ ನಿಜವಾಗಿಯೂ ತಂದರು. ಉಳಿದವರ ಹತ್ತಿರ ಬರಿಗೈಲಿ ಬಂದು, ‘ಕ್ಷಮಿಸು, ಇಲ್ಲ’ ಅಂದರು. ಸ್ಟಿಕ್ಕರ್‌ನಲ್ಲೂ ಅದೇ ಕಥೆ. ಆಮೇಲೆ ಸಿಹಿ ಇಟ್ಟರು. ಮಾತು ಉಳಿಸಿಕೊಂಡ ಕಡೆ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದ ಕಡೆ ಬರೀ 3 ನಿಮಿಷ. ಮೋಸ ಹೋದ ಮಗು ಕೈಯಲ್ಲಿರೋದನ್ನ ತಿನ್ನುವುದು ಬುದ್ಧಿವಂತಿಕೆ, ಅಲ್ವಾ? ಹಾಗಾಗಿ ‘ಸಂಜೆ ಪಾರ್ಕಿಗೆ ಹೋಗೋಣ’ ಅಂತ ಸುಮ್ನೆ ಹೇಳಬೇಡಿ. ಹೇಳಿದರೆ ಕರೆದುಕೊಂಡು ಹೋಗಿ.

ಕಾಯುವ ಉಪಾಯವನ್ನೂ ಹೇಳಿಕೊಡಬಹುದು. ಸಿಹಿಯನ್ನು ಮುಚ್ಚಿಟ್ಟಾಗ, ಬೇರೆ ಖುಷಿಯ ವಿಷಯ ಯೋಚಿಸು ಅಂದಾಗ ಮಕ್ಕಳು ಹೆಚ್ಚು ಹೊತ್ತು ಕಾದರು ಅಂತ ಮಿಶೆಲ್ ಅವರೇ ಕಂಡುಕೊಂಡಿದ್ದರು. ಲಾಡು ಎದುರಿಗಿಟ್ಟು ‘ಮುಟ್ಟಬೇಡ’ ಅನ್ನುವುದಕ್ಕಿಂತ ಡಬ್ಬಿ ಮುಚ್ಚಿ ಒಂದು ಹಾಡು ಹೇಳಿಸಿ.

ಇನ್ನೊಬ್ಬರ ಪ್ರಶ್ನೆ: ನನ್ನ ಮಗಳಿಗೆ 15. ಓದಲು ಕೂತರೆ ಐದು ನಿಮಿಷಕ್ಕೆ ಕೈ ಫೋನಿಗೆ ಹೋಗುತ್ತದೆ. ಎಷ್ಟು ಬೈದರೂ ಅಷ್ಟೇ.

ಉತ್ತರ: ಬೈದು ಪ್ರಯೋಜನ ಇಲ್ಲ. ಆಸೆಗೆ ಕಡಿವಾಣ ಹಾಕುವುದು ಹಣೆಯ ಹಿಂದಿರುವ ಮಿದುಳಿನ ಭಾಗ, ಪ್ರೀಫ್ರಂಟಲ್ ಕಾರ್ಟೆಕ್ಸ್. ಅದು ಪೂರ್ತಿ ಬಲಿಯಲು ಹೆಚ್ಚುಕಡಿಮೆ 25 ವರ್ಷ ಬೇಕು. ಖುಷಿಗೆ ಮಿಡಿಯುವ ಮಿದುಳಿನ ಒಳಭಾಗ ಮಾತ್ರ ಈ ವಯಸ್ಸಿನಲ್ಲೇ ತುಂಬಾ ಚುರುಕು. ಫೋನ್ ಪಕ್ಕದಲ್ಲೇ ಇಟ್ಟುಕೊಂಡು ಮನಸ್ಸು ಬಿಗಿಹಿಡಿ ಅಂದರೆ ಅವಳಿಗೆ ಕಷ್ಟ. ಓದುವ ಹೊತ್ತಿನಲ್ಲಿ ಅದು ಬೇರೆ ಕೋಣೆಯಲ್ಲಿ ಚಾರ್ಜಿಗೆ ಇರಲಿ. ಎಷ್ಟು ಗಂಟೆಗೆ ವಾಪಸ್ ಅನ್ನುವುದನ್ನು ಅವಳ ಜೊತೆ ಕೂತೇ ಗೊತ್ತುಮಾಡಿ. ಸಾಧ್ಯವಾದರೆ ನಿಮ್ಮ ಫೋನನ್ನೂ ಅಲ್ಲೇ ಇಡಿ.