ಸಹಾಯ ಬೇಕು: ನನ್ನ ತಮ್ಮ ಫುಟ್‌ಬಾಲ್ ಸೂಪರ್ ಡಿವಿಷನ್ ಬಿಟ್ಟು ಎ ಡಿವಿಷನ್‌ಗೆ ಹೋಗಬಹುದಾ?

ಎಲ್ಲರಿಗೂ ನಮಸ್ಕಾರ. ನಾವು ತೀರ್ಥಹಳ್ಳಿ ಕಡೆಯವರು. ನನ್ನ ತಮ್ಮನಿಗೆ 19 ವರ್ಷ, ಮಿಡ್‌ಫೀಲ್ಡರ್. ಬೆಂಗಳೂರು ಫುಟ್‌ಬಾಲ್ ಲೀಗ್‌ನ ಒಂದು ಸೂಪರ್ ಡಿವಿಷನ್ ಕ್ಲಬ್‌ನಲ್ಲಿ ಎರಡು ಸೀಸನ್‌ನಿಂದ ಇದ್ದಾನೆ. ಆದರೆ ಒಟ್ಟು ಆಡಿದ್ದು 70 ನಿಮಿಷ ಅಷ್ಟೆ, ಉಳಿದಿದ್ದೆಲ್ಲ ಬೆಂಚ್. ಮಳೆಗಾಲದಲ್ಲಿ ಗದ್ದೆ ಕೆಸರಲ್ಲಿ ಬರಿಗಾಲಲ್ಲಿ ಆಡಿ ಬೆಳೆದ ಹುಡುಗ ಈಗ ಫೋನ್ ಮಾಡಿದರೆ ಸರಿಯಾಗಿ ಮಾತೇ ಆಡುವುದಿಲ್ಲ. ನನಗೆ ಅದೇ ಜಾಸ್ತಿ ಸಂಕಟ.

ಈಗ ಒಂದು ಮೆಟ್ಟಿಲು ಕೆಳಗಿನ ಎ ಡಿವಿಷನ್ ಕ್ಲಬ್‌ನವರು ಕರೆದಿದ್ದಾರೆ. ಎಲ್ಲ ಪಂದ್ಯ ಆಡಿಸುತ್ತೇವೆ ಅನ್ನುತ್ತಾರೆ, ಅದೂ ಬಾಯಿ ಮಾತಲ್ಲಿ. ಸಂಬಳ ಇಲ್ಲ. ಊಟ, ರೂಮು, ಬಸ್ ಖರ್ಚು ಕೊಡುತ್ತಾರೆ. "ಕೆಳಗೆ ಇಳಿದವನನ್ನು ಮತ್ತೆ ಯಾರು ಮೇಲೆ ಕರೀತಾರೆ? ಬಂದು ತೋಟ ನೋಡ್ಕೊಳ್ಳಲಿ" ಅಂತಾರೆ ಅಪ್ಪಯ್ಯ.

ಈಗಿನ ಕೋಚ್‌ನ ಕೇಳಿದೆ, ಇನ್ನೂ ಸ್ವಲ್ಪ ಕಾಯಿರಿ ಅಂದರು. ಶಿವಮೊಗ್ಗದಲ್ಲಿರುವ ಅವನ ಹಳೇ ಪಿಟಿ ಮೇಷ್ಟ್ರು, ಆಡಿದರೆ ತಾನೆ ಯಾರ ಕಣ್ಣಿಗಾದರೂ ಬೀಳೋದು, ಹೋಗಲಿ ಬಿಡು ಅಂದರು. ಅವರ ಮಾತೇ ಸರಿ ಅನ್ನಿಸುತ್ತದೆ.

ಆದರೆ ಹೊಸ ಕ್ಲಬ್ ಎರಡು ವರ್ಷಕ್ಕೆ ಸಹಿ ಕೇಳುತ್ತಿದೆ. ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟದ (ಎಐಎಫ್‌ಎಫ್) ಆನ್‌ಲೈನ್ ನೋಂದಣಿಯಲ್ಲಿ ಹೆಸರು ಅವರ ಕಡೆ ಹೋದಮೇಲೆ, ಚೆನ್ನಾಗಿ ಆಡಿ ಮೇಲಿನವರು ಕರೆದಾಗ ಇವರು ಬಿಡದಿದ್ದರೆ? ನಾನು ಸಿಕ್ಕಿಹಾಕಿಕೊಂಡಿರುವುದು ಇಲ್ಲೇ.

ಬೆಂಗಳೂರು ಲೀಗ್ ಆಡಿದವರು, ಆಡಿಸಿದವರು ದಯವಿಟ್ಟು ಹೇಳಿ: ಮೇಲಿನ ಡಿವಿಷನ್ ಕ್ಲಬ್ ಕರೆದರೆ ಬಿಟ್ಟುಕೊಡುತ್ತೇವೆ ಅಂತ ಒಪ್ಪಂದದಲ್ಲೇ ಬರೆಸಿಕೊಳ್ಳಬಹುದಾ? ಅಥವಾ ಒಂದೇ ವರ್ಷಕ್ಕೆ ಸಹಿ ಮಾಡುವುದು ಒಳ್ಳೆಯದಾ?