ಸ್ಟ್ರಾಬೆರಿ ಎಲೆ ಹಳದಿ, ಬೀನ್ಸ್ ಅಂಚು ಸುಟ್ಟಿದೆ, ಪಾಲಕ್ ಮಾತ್ರ ಸೊಂಪು. ಏನಿದು?

ತಾರಸಿಅಕ್ಕ, ವಿಜಯಪುರ:
ಮಗಳ ಹಟಕ್ಕೆ ಅಕ್ಟೋಬರ್‌ನಲ್ಲಿ ಮಹಾಬಳೇಶ್ವರದಿಂದ 12 ಸ್ಟ್ರಾಬೆರಿ ಸಸಿ ತಂದು ಕುಂಡದಲ್ಲಿ ಹಚ್ಚಿದೆ. ಅರ್ಧ ಎರೆಮಣ್ಣು, ಅರ್ಧ ತಿಪ್ಪೆಗೊಬ್ಬರ. ಒಂದು ತಿಂಗಳು ಚೆನ್ನಾಗಿದ್ದವು. ಈಗ ಹೊಸ ಎಲೆಗಳೆಲ್ಲ ಹಳದಿ, ನರ ಮಾತ್ರ ಹಸಿರು. ಯೂರಿಯಾ ಹಾಕಿದೆ, ಇನ್ನೂ ಕೆಟ್ಟಿತು. ಪಕ್ಕದ ಬೀನ್ಸ್ ಎಲೆಯ ಅಂಚು ಬೀಡಿ ತಾಗಿಸಿದ ಹಾಗೆ ಸುಟ್ಟಿದೆ. ಅದೇ ಸಾಲಿನ ಪಾಲಕ್, ಬೀಟ್ರೂಟ್‌ಗೆ ಏನೂ ಆಗಿಲ್ಲ. ರೋಗ ಇರಬಹುದಾ?

ಎರೆಹೊಲ, ಮುಧೋಳ:
ಅಕ್ಕಾ, ರೋಗ ಅನಿಸುತ್ತಿಲ್ಲ. ಪಾಲಕ್, ಬೀಟ್ರೂಟ್ ಉಪ್ಪು ತಡೆಯುತ್ತವೆ. ಬೀನ್ಸ್, ಸ್ಟ್ರಾಬೆರಿ ತಡೆಯುವುದಿಲ್ಲ. ಯಾವ ನೀರು ಹಾಕುತ್ತೀರಿ? ಕುಂಡದ ಬಾಯಿಗೆ ಬಿಳಿ ಪದರ ಕಟ್ಟಿದೆಯಾ? ಇನ್ನೊಂದು ಕೆಲಸ ಮಾಡಿ. ಒಣ ಮಣ್ಣಿನ ಮೇಲೆ ನಾಲ್ಕು ಹನಿ ವಿನೆಗರ್ ಬಿಡಿ.

ತಾರಸಿಅಕ್ಕ:
ಸೋಡಾ ಬಾಟಲಿ ಬಿಚ್ಚಿದ ಹಾಗೆ ಚುಯ್ ಅಂತ ನೊರೆ ಬಂತು! ಬಿಳಿ ಪದರವೂ ಇದೆ, ನಾನು ಬೂಸ್ಟು ಅಂದುಕೊಂಡಿದ್ದೆ. ನೀರು ಬೋರಿನದಲ್ಲ ರೀ, ಆರ್‌ಒ ಮಷಿನ್‌ನಿಂದ ಹೊರಬರುವ ನೀರು. ಸುಮ್ನೆ ಮೋರಿಗೆ ಯಾಕೆ ಬಿಡಬೇಕು ಅಂತ ಬಕೆಟ್ ಹಿಡಿದು ಹಾಕುತ್ತೇನೆ.

ಎರೆಹೊಲ:
ಅಲ್ಲೇ ಇದೆ ನೋಡಿ. ಮಷಿನ್ ಕುಡಿಯುವ ನೀರಿನಿಂದ ತೆಗೆದ ಉಪ್ಪೆಲ್ಲ ಆ ಬಕೆಟ್‌ಗೇ ಬರುತ್ತದೆ. ಮಷಿನ್‌ಗೆ ಹೋಗುವ ನೀರಿಗಿಂತ ಜಾಸ್ತಿ ಉಪ್ಪು. ನೆಲ ಒರೆಸಿ, ಗಿಡಕ್ಕೆ ಬೇಡ. ಇನ್ನು ನೊರೆ ಬಂದಿದ್ದು ಮಣ್ಣಿನ ಸುಣ್ಣದಿಂದ. ಸುಣ್ಣದ ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಅದಕ್ಕೇ ಹೊಸ ಎಲೆ ಹಳದಿ. ಸಾರಜನಕ ಕಡಿಮೆಯಾಗಿದ್ದರೆ ಮೊದಲು ಹಳೆ ಎಲೆ ಹಳದಿಯಾಗುತ್ತಿತ್ತು. ಯೂರಿಯಾ ಕೊಡುವುದು ಸಾರಜನಕ ಮಾತ್ರ, ಇದಕ್ಕೆ ಮದ್ದಲ್ಲ, ನಿಲ್ಲಿಸಿ.

ಕುಂದಾನಗರಿ, ಬೆಳಗಾವಿ:
ಮಣ್ಣನ್ನೇ ಬದಲಿಸಿಬಿಡಿ. ಕೋಕೋಪೀಟ್, ಎರೆಹುಳು ಗೊಬ್ಬರ, ಸ್ವಲ್ಪ ಕೆಮ್ಮಣ್ಣು ಸಾಕು. ಕೋಕೋಪೀಟ್ ಅನ್ನು ಎರಡು ಸಲ ತೊಳೆಯಿರಿ, ಅದರಲ್ಲೂ ಉಪ್ಪಿರುತ್ತದೆ. ನೆಡುವಾಗ ಸುಳಿ ಮಣ್ಣಿನ ಮೇಲಿರಲಿ, ಹೂತರೆ ಕೊಳೆಯುತ್ತದೆ. ಗಿಡಕ್ಕೆ ಹಾಕುವ ಕಬ್ಬಿಣದ ಗೊಬ್ಬರ ಕೊಳ್ಳುವಾಗ ಪೊಟ್ಟಣದ ಮೇಲೆ ಇಡಿಡಿಎಚ್‌ಎ (ಸುಣ್ಣದ ಮಣ್ಣಲ್ಲೂ ಕಬ್ಬಿಣ ಬೇರಿಗೆ ಸಿಗುವಂತೆ ಹಿಡಿದಿಡುವ ವಸ್ತು) ಅಂತ ಇದೆಯಾ ನೋಡಿ. ಅಗ್ಗದ ಇಡಿಟಿಎ ಅಂತ ಬರೆದ ಕಬ್ಬಿಣ ಸುಣ್ಣದ ಮಣ್ಣಲ್ಲಿ ನಿಲ್ಲುವುದಿಲ್ಲ. ನಾನು ಒಂದು ವರ್ಷ ಅದಕ್ಕೇ ದುಡ್ಡು ಸುರಿದೆ.

ತಾರಸಿಅಕ್ಕ (ಮೂರು ವಾರದ ನಂತರ):
ಸ್ಟ್ರಾಬೆರಿಗೆ ಮಣ್ಣು ಬದಲಿಸಿದೆ. ಬೀನ್ಸ್ ಕುಂಡಕ್ಕೆ ಉಪ್ಪು ತೊಳೆದುಹೋಗಲಿ ಅಂತ ನಳದ ನೀರನ್ನು ಕೆಳಗಿನ ತೂತಿನಿಂದ ಧಾರೆ ಹರಿಯುವಷ್ಟು ಎರಡು ಸಲ ಬಿಟ್ಟೆ. ಈಗ ಎಲ್ಲಕ್ಕೂ ನಳದ ನೀರೇ, ಬಂದ ದಿನ ಡ್ರಮ್‌ನಲ್ಲಿ ಹಿಡಿದಿಡುತ್ತೇನೆ. ಕಬ್ಬಿಣ ಕಲಸಿದರೆ ನೀರು ಕೋಕಂ ಶರಬತ್ತಿನ ಬಣ್ಣ! ಮೂರು ಸಸಿ ಹೋದವು, ಒಂಬತ್ತರಲ್ಲಿ ಹೊಸ ಎಲೆ ಹಸಿರಾಗಿದೆ. ಹಳೆ ಹಳದಿ ಎಲೆ ಹಾಗೇ ಇವೆ. ಕೀಳಬೇಕಾ?

ಎರೆಹೊಲ:
ಪೂರ್ತಿ ಒಣಗಿದ್ದನ್ನು ಮಾತ್ರ ಕೀಳಿ. ಮಾರ್ಚ್ ಬಂದರೆ ನಮ್ಮ ಬಿಸಿಲಿಗೆ ಹೇಗೂ ಸೊರಗುತ್ತವೆ, ಈಗಲೇ ಹಸಿರು ಬಲೆ ಕಟ್ಟಿಕೊಳ್ಳಿ. ಮಗಳಿಗೆ ಬೇಸಿಗೆಯಲ್ಲೂ ಹಣ್ಣು ಬೇಕಂದರೆ ಒಂದು ಹಿಪ್ಪುನೇರಳೆ ಕಡ್ಡಿ ಚುಚ್ಚಿ. ಅದು ಎರೆಮಣ್ಣಲ್ಲೂ ಬರುತ್ತದೆ. ಕೈ, ಅಂಗಿ ಎರಡೂ ಕಪ್ಪಾಗುತ್ತವೆ, ಅದೊಂದು ತಡೆದುಕೊಳ್ಳಬೇಕು.