ಸೈಕ್ಲಿಂಗ್ ಮಾಡುವ ಹುಡುಗಿ ಭಾರ ಎತ್ತಬಹುದಾ?

ಪ್ರಶ್ನೆ, ತಿಕೋಟಾ ಕಡೆಯ ಒಬ್ಬ ತಂದೆ:
ಮೇಡಂ, ನಮಸ್ಕಾರ ರೀ. ಮಗಳಿಗೆ 16 ವರ್ಷ. ರೋಡ್ ಸೈಕ್ಲಿಂಗ್ ಮಾಡುತ್ತಾಳೆ. ದಿನಾ ನಸುಕಿನಲ್ಲಿ ಎದ್ದು 50-60 ಕಿಲೋಮೀಟರ್ ಹೊಡೆಯುತ್ತಾಳೆ. ಈಗ ಕೋಚ್ ವಾರಕ್ಕೆ ಎರಡು ದಿನ ಜಿಮ್‌ನಲ್ಲಿ ಭಾರ ಎತ್ತಬೇಕು ಅಂದಿದ್ದಾರೆ. ನಮ್ಮ ಅವ್ವ ಬೇಡವೇ ಬೇಡ ಅನ್ನುತ್ತಾಳೆ, ಬೆಳೆಯೋ ಹುಡುಗಿಯ ಎತ್ತರ ನಿಂತುಹೋಗುತ್ತದೆ ಅಂತ. ನನಗೆ ಬೇರೆ ಚಿಂತೆ. ಕಾಲು ದಪ್ಪ ಆಗಿ ಮೈ ಭಾರ ಆದರೆ ಸೈಕಲ್ ನಿಧಾನ ಆಗಲ್ವಾ?

ಉತ್ತರ, ಕ್ರೀಡಾ ಫಿಸಿಯೋ, ವಿಜಯಪುರ:
ಅಣ್ಣಾರ, ಮೊದಲು ಅಜ್ಜಿಗೆ ಉತ್ತರ ಹೇಳುತ್ತೇನೆ. ಎತ್ತರ ನಿಲ್ಲುವುದಿಲ್ಲ. ಬೆಳೆಯುವ ಮಕ್ಕಳ ಎಲುಬಿನ ತುದಿಯಲ್ಲಿ ಒಂದು ಮೆತ್ತನೆ ಪದರ ಇರುತ್ತದೆ. ಎಲುಬು ಉದ್ದ ಆಗೋದು ಅಲ್ಲಿಂದಲೇ. ಅದಕ್ಕೆ ಪೆಟ್ಟಾಗುತ್ತದೆ ಅನ್ನುವುದು ಹಳೆಯ ಭಯ. ತಿಳಿದವರು ಎದುರಿಗೆ ನಿಂತು ಸರಿಯಾಗಿ ಮಾಡಿಸಿದರೆ ಬೆಳವಣಿಗೆಗೆ ತೊಂದರೆ ಆಗುತ್ತದೆ ಅನ್ನುವುದಕ್ಕೆ ಸಂಶೋಧನೆಯಲ್ಲಿ ಪುರಾವೆ ಇಲ್ಲ. ಗಾಯ ಆಗೋದು ಯಾರೂ ನೋಡಿಕೊಳ್ಳದೆ, ಪೈಪೋಟಿಗೆ ಬಿದ್ದು ಎತ್ತಿದಾಗ.

ಸೈಕ್ಲಿಂಗ್‌ನವರಿಗೆ ಭಾರ ಬೇಕೇ ಬೇಕು ಅನ್ನಲು ಇನ್ನೊಂದು ಕಾರಣ ಇದೆ. ಓಡುವಾಗ, ಜಿಗಿಯುವಾಗ ಎಲುಬಿನ ಮೇಲೆ ಮೈಭಾರ ಬೀಳುತ್ತದೆ, ಎಲುಬು ಗಟ್ಟಿಯಾಗುತ್ತದೆ. ಸೀಟಿನ ಮೇಲೆ ಕುಳಿತಾಗ ಅದು ಬೀಳುವುದಿಲ್ಲ. ವರ್ಷಗಟ್ಟಲೆ ಬರೀ ಸೈಕಲ್ ತುಳಿದವರ ಬೆನ್ನೆಲುಬು ತೆಳುವಾಗಿರುವುದನ್ನು ಎಷ್ಟೋ ಅಧ್ಯಯನಗಳು ಕಂಡಿವೆ. ಎಲುಬಿಗೆ ಗಟ್ಟಿತನ ಹೆಚ್ಚಾಗಿ ಸೇರುವುದು ನಿಮ್ಮ ಮಗಳ ವಯಸ್ಸಿನಲ್ಲೇ.

ಇನ್ನು ನಿಮ್ಮ ಚಿಂತೆ. ನಾರ್ವೆಯಲ್ಲಿ ರೋನೆಸ್ಟಾಡ್ ಅನ್ನುವವರ ತಂಡ ಪಳಗಿದ ಸೈಕ್ಲಿಸ್ಟ್‌ಗಳಿಗೆ 12 ವಾರ, ವಾರಕ್ಕೆ ಎರಡು ಸಲ ಭಾರದ ವ್ಯಾಯಾಮ ಮಾಡಿಸಿತು. ಆಮೇಲೆ 185 ನಿಮಿಷ ಸೈಕಲ್ ತುಳಿಸಿ, ಕೊನೆಗೆ 5 ನಿಮಿಷ ಪೂರ್ತಿ ಜೋರಾಗಿ ಹೊಡೆಸಿತು. ಭಾರ ಎತ್ತಿದವರು ಆ 5 ನಿಮಿಷದಲ್ಲಿ ಮೊದಲಿಗಿಂತ ಜಾಸ್ತಿ ಶಕ್ತಿ ಹಾಕಿದರು. ಬರೀ ಸೈಕಲ್ ತುಳಿದವರಲ್ಲಿ ಆ ಸುಧಾರಣೆ ಕಾಣಲಿಲ್ಲ. ಇದು 2011ರಲ್ಲಿ ಪ್ರಕಟವಾಯಿತು. ಮೂರು ತಾಸು ತುಳಿದ ಮೇಲೆ ಗುಂಪಿನಿಂದ ಮುಂದೆ ನುಗ್ಗಬೇಕಲ್ಲ, ರೇಸ್ ಗೆಲ್ಲೋದು ಅಲ್ಲೇ ಅಲ್ವಾ? ದಿನಾ ಅಷ್ಟು ದೂರ ತುಳಿಯುವವರ ಮೈ ವಾರಕ್ಕೆ ಎರಡು ದಿನದ ಜಿಮ್‌ನಿಂದ ದಪ್ಪ ಆಗೋದು ಸುಲಭ ಅಲ್ಲ.

ಪ್ರಶ್ನೆ, ಮುಧೋಳದ ಒಬ್ಬ ಪೈಲ್ವಾನರು:
ಅಕ್ಕಾರ, ನಾನು ಗರಡಿಯವನು. ನಸುಕಿನಲ್ಲಿ 500 ಬೈಠಕ್ ಹೊಡೆಯುತ್ತೇನೆ. ಅದು ಸಾಕಲ್ಲ? ಕಬ್ಬಿಣ ಯಾಕೆ ಬೇಕು?

ಉತ್ತರ:
ತಮ್ಮಾ, ಆ 500 ಬೈಠಕ್ ಬಿಡಬೇಡಿ. ದಮ್ಮು ಬರುತ್ತದೆ, ಮೊಣಕಾಲು ಪಳಗುತ್ತದೆ. ಆದರೆ 500 ಸಲ ಮಾಡಲು ಆಗುತ್ತದೆ ಅಂದರೆ ನಿಮ್ಮ ಕಾಲಿಗೆ ಅದು ಹಗುರ ಎಂದೇ ಅರ್ಥ. ದಣಿವು ಬೇರೆ, ಬಲ ಬೇರೆ. ಅಮೆರಿಕದ ಸೇನೆಯ ಡಾಕ್ಟರ್ ಥಾಮಸ್ ಡಿಲಾರ್ಮ್ ಗಾಯಗೊಂಡ ಸೈನಿಕರ ಕಾಲಿಗೆ ಇದನ್ನೇ ಮಾಡಿ ನೋಡಿ 1945ರಲ್ಲಿ ಬರೆದರು. ಹಗುರವಾದದ್ದನ್ನು ತುಂಬಾ ಸಲ ಎತ್ತಿದರೆ ತಾಳಿಕೆ ಬೆಳೆಯುತ್ತದೆ. ಭಾರವಾದದ್ದನ್ನು ಕೆಲವೇ ಸಲ ಎತ್ತಿದರೆ ಬಲ ಬೆಳೆಯುತ್ತದೆ. ಬಲ ಬಂದ ಹಾಗೆ ಭಾರವನ್ನೂ ಏರಿಸಬೇಕು.

ನಮ್ಮ ಹಿರಿಯರಿಗೂ ಇದು ಗೊತ್ತಿತ್ತು. ಇಲ್ಲದಿದ್ದರೆ ಊರೂರಿಗೆ ಎತ್ತಿ ಬಲ ತೋರಿಸುವ ಸಂಗ್ರಾಣಿ ಕಲ್ಲು ಯಾಕೆ ಇರುತ್ತಿತ್ತು? ಸಂಕ್ರಾಂತಿಗೆ ನಮ್ಮ ಸಿದ್ಧೇಶ್ವರ ಜಾತ್ರೆಯಲ್ಲಿ ಭಾರ ಎತ್ತುವವರನ್ನು ನೋಡಿ. ಯಾರೂ 500 ಸಲ ಎತ್ತುವುದಿಲ್ಲ. ನೀವು ವಾರಕ್ಕೆ ಎರಡು ದಿನ ಸ್ಕ್ವಾಟ್ (ಹೆಗಲ ಮೇಲೆ ಭಾರ ಹೊತ್ತು ಕುಳಿತು ಏಳೋದು), ಡೆಡ್‌ಲಿಫ್ಟ್ (ನೆಲದ ಮೇಲಿನ ಭಾರ ಎತ್ತಿ ನೆಟ್ಟಗೆ ನಿಲ್ಲೋದು) ಮಾಡಿ. 5ರಿಂದ 6 ಸಲದ ಮೂರು ಸೆಟ್ ಸಾಕು. ನಡುವೆ ಮೂರು ನಿಮಿಷ ಸುಮ್ನೆ ಕುಳಿತುಕೊಳ್ಳಿ. ಗರಡಿ ಹುಡುಗರಿಗೆ ಕಷ್ಟ ಆಗೋದು ಭಾರ ಅಲ್ಲ, ಈ ಕುಳಿತುಕೊಳ್ಳೋದೇ.

ಪ್ರಶ್ನೆ, ಅದೇ ತಂದೆ:
ಧೈರ್ಯ ಬಂತು ಮೇಡಂ. ಜಿಮ್ ದೂರ ಇದೆ, ಮನೆಯಲ್ಲೇ ಶುರು ಮಾಡಬಹುದಾ? ಯಾವ ದಿನ ಮಾಡಬೇಕು?

ಉತ್ತರ:
ಮನೆಯಲ್ಲೇ ಶುರು ಮಾಡಿ. ಮೊದಲ ಒಂದು ತಿಂಗಳು ಭಾರವೇ ಬೇಡ, ಬರೀ ಕಲಿಯಲಿ. ಹಿಂದಿನ ಕಾಲು ಕಟ್ಟೆ ಮೇಲಿಟ್ಟು ಮುಂದಿನ ಕಾಲಿನ ಮೇಲೆ ಕುಳಿತು ಏಳೋದು. ಬೆನ್ನು ನೆಟ್ಟಗಿಟ್ಟು ಸೊಂಟದಿಂದ ಬಗ್ಗಿ ಏಳೋದು. ಒಂದೇ ಕಾಲಿನ ಮೇಲೆ ಹಿಮ್ಮಡಿ ಎತ್ತೋದು. ಕೋಚ್ ಒಂದು ಸಲ ನೋಡಿ ಸರಿ ಅಂದ ಮೇಲೆ ಚೀಲದಲ್ಲಿ 5 ಕಿಲೋ ಉಸುಕು ತುಂಬಿ ಎದೆಗೆ ಅಪ್ಪಿಕೊಳ್ಳಲಿ. ಎಲ್ಲ ಸಲವೂ ಚೆನ್ನಾಗಿ ಬಂದರೆ ಮಾತ್ರ ಮುಂದೆ ಒಂದೆರಡು ಕಿಲೋ ಏರಿಸಿ. ಜಿಮ್‌ನ ಕಬ್ಬಿಣದ ಸರಳು, ಅಂದರೆ ಬಾರ್ಬೆಲ್, ಆಮೇಲೆ.

ಜೋರಾಗಿ ತುಳಿದ ದಿನವೇ ಸಂಜೆ ಮಾಡಲಿ, ಮರುದಿನ ಹಗುರ ಇರಲಿ. ಎಲ್ಲವನ್ನೂ ದಿನಾ ತುರುಕಬೇಡಿ. 1980ರಲ್ಲಿ ರಾಬರ್ಟ್ ಹಿಕ್‌ಸನ್ ಅನ್ನುವ ಸಂಶೋಧಕರು 10 ವಾರ ಭಾರ ಎತ್ತೋದು, ದಮ್ಮಿನ ವ್ಯಾಯಾಮ ಎರಡನ್ನೂ ಬಿರುಸಾಗಿ ಒಟ್ಟಿಗೆ ಮಾಡಿಸಿ ನೋಡಿದರು. ಮೊದಮೊದಲು ಬಲ ಏರಿತು, ಕೊನೆಯ ವಾರಗಳಲ್ಲಿ ಇಳಿಯಿತು.

ಪ್ರಶ್ನೆ, ಜಮಖಂಡಿಯ ಒಬ್ಬ ತಾಯಿ:
ಮೇಡಂ, ಜಾಸ್ತಿ ಪ್ರಾಕ್ಟೀಸ್ ಮಾಡುವ ಹುಡುಗಿಯರಿಗೆ ಮುಟ್ಟು ನಿಲ್ಲೋದು ಸಹಜ ಅನ್ನುತ್ತಾರೆ. ನಿಜಾನಾ?

ಉತ್ತರ:
ಅಕ್ಕಾರ, ಸಹಜ ಅಲ್ಲವೇ ಅಲ್ಲ. ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ. ತುಳಿಯುವಷ್ಟಕ್ಕೆ ತಕ್ಕ ಊಟ ಇಲ್ಲದಿದ್ದರೆ ದೇಹ ಮೊದಲು ಮುಟ್ಟನ್ನು ನಿಲ್ಲಿಸುತ್ತದೆ, ಆಮೇಲೆ ಎಲುಬನ್ನು ಸವೆಸುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲೇ ಈ ಸ್ಥಿತಿಯ ಬಗ್ಗೆ ಕೋಚ್‌ಗಳನ್ನೂ ಡಾಕ್ಟರ್‌ಗಳನ್ನೂ ಎಚ್ಚರಿಸಿದೆ. ಮೂರು ತಿಂಗಳು ಮುಟ್ಟಾಗದಿದ್ದರೆ ಡಾಕ್ಟರ್ ಹತ್ತಿರ ಹೋಗಲೇಬೇಕು. 15 ತುಂಬಿದರೂ ಮೈನೆರೆಯದಿದ್ದರೂ ಅಷ್ಟೇ.

ಪ್ರಾಕ್ಟೀಸ್ ಮುಗಿಸಿ ಬಂದ ಹುಡುಗಿಗೆ ಒಂದು ರೊಟ್ಟಿ, ಪಲ್ಯ ಸಾಲದು. ಮೂರು ರೊಟ್ಟಿ, ಮಡಿಕೆಕಾಳು ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು ಇರಲಿ. ತಿನ್ನುವವರಾದರೆ ತತ್ತಿ ಇರಲಿ. ತಿಕೋಟಾದ ಅಣ್ಣಾರ, ನೀವೂ ಇದನ್ನು ಮನೆಯಲ್ಲಿ ಓದಿ ಹೇಳಿ. ಮಗಳ ಮುಟ್ಟಿನ ವಿಷಯ ಎಲ್ಲರ ಎದುರು ಇಲ್ಲಿ ಬರೆಯುವುದು ಬೇಡ, ಅವಳ ಅವ್ವ ಅವಳನ್ನೇ ಒಮ್ಮೆ ಕೇಳಲಿ. ಎಲ್ಲ ಸರಿ ಇದ್ದರೆ ಸೋಮವಾರದಿಂದಲೇ ಕಟ್ಟೆಯ ವ್ಯಾಯಾಮ ಶುರು ಮಾಡಿಸಿ. ಸರಿ ಇಲ್ಲದಿದ್ದರೆ ಉಸುಕಿನ ಚೀಲ ಕಾಯಲಿ, ಮೊದಲು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ.